ಕರುಳು ಅಂದ್ರೆ ಪಿವಿಸಿ ಪೈಪ್ ಅಲ್ಲ ಮಾರಾಯ್ರೆ!

ಈ ವಿಷಯ ಬರೆಯಬೇಕು ಅಂತ ಎಷ್ಟೋ ದಿನದಿಂದ ತಲೆಯಲ್ಲಿತ್ತು. ಸಿಟ್ಟು ಸ್ವಲ್ಪ ಇಳಿಯಲಿ, ಆಮೇಲೆ ಬರೆಯುವಾ ಅಂತ ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಊಟ ಮಾಡುತ್ತಾ ಓದುವ ಅಭ್ಯಾಸ ಇದ್ದವರು ದಯವಿಟ್ಟು ಕೈ ತೊಳೆದು ಬನ್ನಿ, ಯಾಕಂದ್ರೆ ಇವತ್ತಿನ ವಿಷಯ ಭೇದಿ.

2025ರ ಜುಲೈ. ನಾಲ್ಕು ದಿನ ರಜೆ ಹಾಕಿ ನೆರಿಯಕ್ಕೆ ಹೋಗಿದ್ದೆ. (ಗೊತ್ತಿಲ್ಲದವರಿಗೆ: ಬೆಳ್ತಂಗಡಿ ತಾಲೂಕು. ಉಜಿರೆ ದಾಟಿ ಚಾರ್ಮಾಡಿ ಘಾಟಿ ಕಡೆ ಹೋಗುವಾಗ ಕಕ್ಕಿಂಜೆ ಸಿಗ್ತದಲ್ಲ, ಅಲ್ಲಿಂದ ಒಳಗೆ. ಅಡಿಕೆ, ರಬ್ಬರು, ಹೊಳೆ, ಹಿಂದೆ ಘಟ್ಟ.) ತಂಗಿಯೂ ಮಗನನ್ನು ಕರೆದುಕೊಂಡು ಬಂದಿದ್ದಳು. ಎರಡು ವರ್ಷದ ಪೋಕರಿ. ಬಂದ ಎರಡನೇ ದಿನ ಬೆಳಿಗ್ಗೆ ಅವನಿಗೆ ಶುರುವಾಯ್ತು. ಮಧ್ಯಾಹ್ನದ ಹೊತ್ತಿಗೆ ಎಂಟು ಸಲ. ಬರೀ ನೀರು.

ಮನೆಯಲ್ಲಿ ಕೂಡಲೇ ಅಮ್ಮನ ಕಾನೂನು ಜಾರಿಗೆ ಬಂತು. "ಹೊಟ್ಟೆ ಖಾಲಿ ಬಿಡಿ. ನೀರು ಕೊಟ್ಟಷ್ಟೂ ಹೋಗ್ತದೆ." ಗಂಜಿ ಬಂದ್, ಹಾಲು ಬಂದ್. ಮಗು "ನೀಉ, ನೀಉ" ಅಂತ ಅತ್ತರೆ ಒಂದೇ ಒಂದು ಚಮಚ ನೀರು. ಭಾವ ಮಳೆಯಲ್ಲೇ ಸ್ಕೂಟರ್ ತೆಗೆದುಕೊಂಡು ಹೋಗಿ ಮೆಡಿಕಲ್ಲಿನಿಂದ ಬಣ್ಣದ ಎರಡು ಪ್ಯಾಕು ತಂದರು. ಮೇಲೆ ಆಪಲ್ಲಿನ ಚಿತ್ರ, ಹೆಸರಿನಲ್ಲಿ ದಪ್ಪಕ್ಷರದಲ್ಲಿ ಓಆರ್‌ಎಸ್. ಸ್ಟ್ರಾ ಹಾಕಿ ಕೊಟ್ಟರು. ಬೆಳಗಿನಿಂದ ಬಾಯಾರಿದ್ದ ಮಗು ಒಂದೇ ಉಸಿರಿಗೆ ಎರಡೂ ಖಾಲಿ ಮಾಡಿತು. ಎಲ್ಲರಿಗೂ ಖುಷಿ. ಒಂದು ಗಂಟೆಯೊಳಗೆ ಮೊದಲಿಗಿಂತ ಜೋರಾಗಿ ಹೋಗಲು ಶುರುವಾಯ್ತು. "ನಾನು ಹೇಳಿದ್ದಲ್ವಾ, ಕೊಟ್ಟಷ್ಟೂ ಹೋಗ್ತದೆ ಅಂತ" ಅಂದರು ಅಮ್ಮ. ಅವರ ಸಿದ್ಧಾಂತಕ್ಕೆ ಸಾಕ್ಷಿ ಸಿಕ್ಕಿಬಿಟ್ಟಿತ್ತು.

ಇಷ್ಟೆಲ್ಲ ಆಗುವಾಗ ಪಿಯುಸಿಯಲ್ಲಿ ಬಯಾಲಜಿ ಓದಿದ ಈ ಮಹಾಶಯ ಎಂತ ಮಾಡ್ತಾ ಇದ್ದ? ಜಗಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ನೆಟ್‌ವರ್ಕ್ ಹುಡುಕ್ತಾ ಇದ್ದ. ಸಿಟ್ಟು ಅಂದೆನಲ್ಲ, ಅದರಲ್ಲಿ ಮೊದಲ ಪಾಲು ನನ್ನ ಮೇಲೆಯೇ.

ಸಂಜೆ ಆರಕ್ಕೆ ನೋಡುವಾಗ ಮಗುವಿನ ಕಣ್ಣು ಒಳಗೆ ಹೋಗಿತ್ತು. ಅಳ್ತಾ ಇತ್ತು, ಕಣ್ಣೀರು ಬರ್ತಾ ಇರಲಿಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ವಾಪಸು ಹೋಗ್ತಾ ಇತ್ತು. ಕಾರು ಮಾಡಿಸಿಕೊಂಡು ಪೇಟೆಯ ಒಂದು ಆಸ್ಪತ್ರೆಗೆ ಓಡಿದೆವು. ಸೂಜಿ ಚುಚ್ಚಲು ನರ ಸಿಗದೆ ಮೂರು ಕಡೆ ಚುಚ್ಚಿದರು. ಆ ಅಳು ಈಗಲೂ ಕಿವಿಯಲ್ಲಿ ಉಂಟು. ರಾತ್ರಿಯಿಡೀ ಡ್ರಿಪ್. ಬೆಳಿಗ್ಗೆ ಮಗು ನಕ್ಕಿತು. ಬದುಕಿತು.

ಮರುದಿನ ಮನೆಗೆ ಬಂದು ಥರ್ಮಾಮೀಟರ್ ಇಡಲು ಶೋಕೇಸಿನ ಡ್ರಾಯರ್ ಎಳೆದರೆ ಅಲ್ಲಿ ಓಆರ್‌ಎಸ್‌ನ ಎರಡು ಪ್ಯಾಕೆಟು ಬಿದ್ದುಕೊಂಡಿದೆ! ನಿಜವಾದದ್ದು. ಆಶಾ ಅಕ್ಕ ಮನೆಮನೆಗೆ ಕೊಟ್ಟು ಹೋಗಿದ್ದು. "ಅಮ್ಮಾ, ಇದು ಇದ್ದದ್ದು ನಿಮಗೆ ಗೊತ್ತಿತ್ತಾ?" ಅಂದೆ.

"ಗೊತ್ತುಂಟು. ಅದು ಸರಕಾರದ್ದು, ಧರ್ಮಕ್ಕೆ ಕೊಡುವುದು. ಅದರಲ್ಲಿ ಎಂತ ಉಂಟು, ಬರೀ ಉಪ್ಪು ನೀರು!"

ಆ ಬರೀ ಉಪ್ಪು ನೀರಿನ ಬಗ್ಗೆಯೇ ಈ ಜಗಳ.

ನಮ್ಮ ಜನಕ್ಕೆ (ಓದಿದವರೂ ಸೇರಿ) ಹೊಟ್ಟೆಯ ಬಗ್ಗೆ ಇರುವುದು ಪೈಪಿನ ಸಿದ್ಧಾಂತ. ಮೇಲಿಂದ ಹಾಕಿದ್ದು ಕೆಳಗೆ ಬರ್ತದೆ. ಭೇದಿ ಅಂದ್ರೆ ಪೈಪಿನ ಗೇಟ್ ವಾಲ್ವು ಹಾಳಾಗಿದೆ, ಆದ್ದರಿಂದ ಮೇಲಿಂದ ನೀರು ಬಂದ್ ಮಾಡು. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬಹಳ ಸರಿ ಅಂತ ಕಾಣ್ತದೆ. ನಮ್ಮೂರಿನವರಿಗಂತೂ ಪೈಪು ಅಂದ್ರೆ ಹೊಸತಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಪೆಟ್ರೋಲಿಯಂ ಪೈಪ್‌ಲೈನಿನ ಒಂದು ಪಂಪಿಂಗ್ ಸ್ಟೇಶನ್ ನೆರಿಯದಲ್ಲೇ ಉಂಟು. ಅಲ್ಲಿ ಪೈಪಿನ ಕೆಲಸ ಒಳಗಿದ್ದದ್ದು ಒಂದು ಹನಿಯೂ ಹೊರಗೆ ಹೋಗದ ಹಾಗೆ ಘಟ್ಟ ಹತ್ತಿಸುವುದು. ಕರುಳಿನ ಕೆಲಸ ಸರೀ ಉಲ್ಟಾ. ಒಳಗಿದ್ದದ್ದನ್ನೆಲ್ಲ ಗೋಡೆಯ ಮೂಲಕ ಹೊರಗೆ, ಅಂದ್ರೆ ರಕ್ತಕ್ಕೆ, ಎಳೆದುಕೊಳ್ಳುವುದು. ಗೋಡೆಯೇ ಕರುಳು. ನಡುವಿನ ತೂತು ಬರೀ ದಾರಿ.

ಆ ಗೋಡೆಯ ಕತೆ ಸ್ವಲ್ಪ ಕೇಳಿ, ನನಗೆ ಬಹಳ ಇಷ್ಟದ ಭಾಗ ಇದು. ಸಣ್ಣ ಕರುಳಿನ ಒಳಗೋಡೆ ನುಣುಪು ಇಲ್ಲ. ಮಡಿಕೆ ಮಡಿಕೆ, ಮಡಿಕೆಯ ಮೇಲೆ ಟರ್ಕಿ ಟವೆಲ್ಲಿನ ಎಳೆಗಳ ಹಾಗೆ ವಿಲ್ಲೈ, ಒಂದೊಂದು ವಿಲ್ಲೈ ಮೇಲಿನ ಒಂದೊಂದು ಕೋಶಕ್ಕೂ ಮತ್ತೆ ಇನ್ನೂ ಸಣ್ಣ ಕೂದಲು. ಬಿಡಿಸಿ ಹಾಸಿದರೆ ಟೆನಿಸ್ ಕೋರ್ಟಿನಷ್ಟು ಆಗ್ತದೆ ಅಂತ ನಮಗೆ ಪಾಠದಲ್ಲಿ ಹೇಳಿದ್ದರು. 2014ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಸರಿಯಾಗಿ ಅಳೆದು, ಅಷ್ಟಿಲ್ಲ ಮಾರಾಯ್ರೆ, ಬಾಯಿಯಿಂದ ಕೆಳಗಿನವರೆಗೆ ಎಲ್ಲ ಸೇರಿ ಸುಮಾರು 32 ಚದರ ಮೀಟರ್, ಅರ್ಧ ಶಟಲ್ ಕೋರ್ಟ್ ಅಂದರು. ಅರ್ಧ ಶಟಲ್ ಕೋರ್ಟ್ ಅಂದ್ರೂ ಕಮ್ಮಿಯಾ? ನಮ್ಮ ಮನೆಯ ಚಾವಡಿಗಿಂತ ದೊಡ್ಡದು! ಈ ಗೋಡೆಯ ಕೋಶಗಳು ಮೂರರಿಂದ ಐದು ದಿನದಲ್ಲಿ ಉದುರಿ ಹೊಸತು ಬರ್ತದೆ. ಹೋದ ವಾರದ ಕರುಳಿನ ಒಳಪದರ ಈ ವಾರ ಇಲ್ಲ.

ಇನ್ನು ನೀರಿನ ಲೆಕ್ಕ. ದಿನಕ್ಕೆ ನಾವು ಕುಡಿಯುವುದು, ತಿನ್ನುವುದರಲ್ಲಿ ಇರುವುದು ಎಲ್ಲ ಸೇರಿ ಎರಡು ಲೀಟರ್ ಅಂತ ಇಡಿ. ಆದರೆ ಕರುಳಿಗೆ ಇಳಿಯುವುದು ಸುಮಾರು ಒಂಬತ್ತು ಲೀಟರ್. ಉಳಿದ ಏಳು ಲೀಟರ್ ನಮ್ಮ ದೇಹವೇ ಸುರಿಯುವುದು: ಜೊಲ್ಲು, ಜಠರದ ರಸ, ಪಿತ್ತರಸ, ಮೇದೋಜೀರಕದ ರಸ, ಕರುಳಿನದ್ದೇ ರಸ. ಒಂಬತ್ತರಲ್ಲಿ ಏಳೆಂಟು ಲೀಟರ್ ಸಣ್ಣ ಕರುಳು ವಾಪಸು ಎಳೆದುಕೊಳ್ತದೆ, ಉಳಿದದ್ದರಲ್ಲಿ ಹೆಚ್ಚಿನದ್ದು ದೊಡ್ಡ ಕರುಳು. ಕೊನೆಗೆ ಹೊರಗೆ ಹೋಗುವುದು ಒಂದು ಲೋಟದಷ್ಟು.

ಈಗ ಅಮ್ಮನ ಸಿದ್ಧಾಂತಕ್ಕೆ ಬನ್ನಿ. ಬಾಯಿಗೆ ನೀರು ಬಂದ್ ಮಾಡಿದರೆ ಎರಡು ಲೀಟರ್ ಬಂದ್ ಆಗಬಹುದು. ಒಳಗಿಂದಲೇ ಸುರಿಯುವ ಏಳು ಲೀಟರ್? ಅದಕ್ಕೆ ಯಾವ ನಲ್ಲಿ ತಿರುಗಿಸ್ತೀರಿ? ಭೇದಿಯಲ್ಲಿ ಹೋಗ್ತಾ ಇರುವುದು ಮಗು ಕುಡಿದ ಆ ಒಂದು ಚಮಚ ಅಲ್ಲ, ಮಗುವಿನ ಸ್ವಂತ ನೀರು, ಸ್ವಂತ ಉಪ್ಪು. ಕುಡಿಸದೆ ಇದ್ದರೂ ಹೋಗ್ತದೆ. ಕುಡಿಸದೆ ಇದ್ದರೆ ತುಂಬುವುದು ಮಾತ್ರ ಇಲ್ಲ.

ಸರಿ, ಹಾಗಾದ್ರೆ ನೀರು ಕೊಟ್ಟರೆ ಸಾಕಾ? ಸಾಲದು. ನೀರಿಗೆ ತಾನಾಗಿ ಗೋಡೆ ದಾಟುವ ತಾಕತ್ತು ಇಲ್ಲ. ಅದು ಉಪ್ಪು, ಸಕ್ಕರೆ ಹೋದ ಕಡೆ ಬಾಲ ಅಲ್ಲಾಡಿಸುತ್ತಾ ಹಿಂದೆ ಹೋಗುವ ಜಾತಿ. ಕರುಳಿನ ಕೋಶದಲ್ಲಿ ಒಂದು ಬಾಗಿಲು ಉಂಟು. ಅದರ ಕಾನೂನು ಜೋಡಿ ಟಿಕೆಟ್ಟು: ಸೋಡಿಯಂ (ಅಂದ್ರೆ ಉಪ್ಪಿನ ಅಂಶ) ಎರಡು, ಗ್ಲೂಕೋಸ್ ಒಂದು, ಒಟ್ಟಿಗೆ ಬಂದರೆ ಮಾತ್ರ ಒಳಗೆ. ಬರೀ ಉಪ್ಪು ಬಂದರೆ ಈ ಬಾಗಿಲು ತೆರೆಯುವುದಿಲ್ಲ, ಬರೀ ಸಕ್ಕರೆ ಬಂದರೂ ತೆರೆಯುವುದಿಲ್ಲ. ಜೋಡಿ ಒಳಗೆ ಹೋಯಿತು ಅಂದ್ರೆ ಹಿಂದೆಯೇ ನೀರು. ಇದನ್ನು ರಾಬರ್ಟ್ ಕ್ರೇನ್ ಅನ್ನುವ ಅಮೆರಿಕದ ವಿಜ್ಞಾನಿ 1960ರ ಆಗಸ್ಟಿನಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಮೊದಲು ಹೇಳಿದ್ದು.

ಮಜಾ ಇರುವುದು ಮುಂದೆ. ಕಾಲರಾದಂಥ ಕಾಲರಾ ಬಂದರೂ ಈ ಬಾಗಿಲು ಹಾಳಾಗುವುದಿಲ್ಲ! ಕಾಲರಾದ ವಿಷ ಕೋಶದ ಒಳಗೆ ಹೋಗಿ ನೀರು ಸುರಿಯುವ ನಲ್ಲಿಯನ್ನು ಪೂರ್ತಿ ತೆರೆದು ಬಿಡ್ತದೆ, ಉಪ್ಪು ಎಳೆದುಕೊಳ್ಳುವ ಇನ್ನೊಂದು ಬಾಗಿಲನ್ನು ಮುಚ್ಚಿಸ್ತದೆ. ಈ ಜೋಡಿ ಟಿಕೆಟ್ಟಿನ ಬಾಗಿಲನ್ನು ಮಾತ್ರ ಮುಟ್ಟುವುದಿಲ್ಲ. ಮಕ್ಕಳಿಗೆ ಬರುವ ರೋಟಾ ವೈರಸ್ ವಿಲ್ಲೈಗಳ ತುದಿಯನ್ನೇ ಕಡಿದು ಹಾಕ್ತದೆ, ಸ್ವಲ್ಪ ಬಾಗಿಲು ನಷ್ಟ ಆಗ್ತದೆ ನಿಜ, ಆದರೂ ಕೆಲಸ ನಡೆಯುವಷ್ಟು ಉಳೀತದೆ. ಇಡೀ ಮನೆಗೆ ಬೆಂಕಿ ಬಿದ್ದರೂ ಅಡುಗೆಮನೆಯ ಹಿಂಬಾಗಿಲು ತೆರೆದೇ ಇದ್ದ ಹಾಗೆ. ಆ ಬಾಗಿಲಿಗೆ ಸರಿಯಾದ ಅಳತೆಯಲ್ಲಿ ಉಪ್ಪು, ಗ್ಲೂಕೋಸ್ ಕಳಿಸುವ ಲಕೋಟೆಯೇ ನಮ್ಮ ಡ್ರಾಯರಿನಲ್ಲಿ ಬಿದ್ದಿದ್ದ ಆ ಧರ್ಮದ ಪ್ಯಾಕೆಟ್ಟು. ಒಂದು ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟಾಶಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. 2002ರಲ್ಲಿ ಡಬ್ಲ್ಯುಎಚ್‌ಒ ಹಳೆಯ ಅಳತೆಯನ್ನು ಕಡಿಮೆ ಮಾಡಿ ನಿಗದಿ ಮಾಡಿದ್ದು. ಬರೀ ಉಪ್ಪು ನೀರು ಅಂತೆ!

"ಎಲ್ಲ ವಿದೇಶದವರ ಲೆಕ್ಕ" ಅನ್ನುವವರಿಗೆ ಒಂದು ಮಾತು. ಕ್ರೇನ್ ಹೇಳುವುದಕ್ಕಿಂತ ಏಳು ವರ್ಷ ಮೊದಲು, 1953ರಲ್ಲಿ, ಕಲ್ಕತ್ತದ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು 186 ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ಗ್ಲೂಕೋಸ್-ಉಪ್ಪಿನ ನೀರು ಕೊಟ್ಟು ಗುಣಪಡಿಸಿದ್ದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಜೊತೆಗೆ ಒಂದು ಎಲೆಯ ರಸವನ್ನೂ ಕೊಟ್ಟಿದ್ದರು. ಯಾವ ಎಲೆ? ನಮ್ಮ ಹಿತ್ತಿಲಿನ ದೊಡ್ಡಪತ್ರೆ. (ಅಮ್ಮನಿಗೆ ಇದನ್ನು ಹೇಳಬಾರದಿತ್ತು. ಈಗ ಎಲ್ಲರಿಗೂ ದೊಡ್ಡಪತ್ರೆಯ ತಂಬುಳಿ ಕುಡಿಸ್ತಾರೆ.) ಆದರೆ ಯಾಕೆ ಕೆಲಸ ಮಾಡ್ತದೆ ಅನ್ನುವ ವಿವರಣೆ ಆಗ ಇರಲಿಲ್ಲ, ಆದ್ದರಿಂದ ಜಗತ್ತು ಕಿವಿಗೊಡಲಿಲ್ಲ. 1968ರಲ್ಲಿ ಢಾಕಾದಲ್ಲಿ ನಲಿನ್ ಮತ್ತು ಕ್ಯಾಶ್ ಅನ್ನುವ ಇಬ್ಬರು ಅಮೆರಿಕದ ಯುವ ವೈದ್ಯರು ಪ್ರಯೋಗ ಮಾಡಿ ತೋರಿಸಿದ ಮೇಲೂ ದೊಡ್ಡ ಡಾಕ್ಟರುಗಳು ತಲೆ ಅಲ್ಲಾಡಿಸಿದರು. ಆಸ್ಪತ್ರೆಯೊಳಗೆ ಸರಿ, ಊರಿನಲ್ಲಿ ಆಗ್ತದಾ ಅಂತ.

ಆಗ್ತದೆ ಅಂತ ತೋರಿಸಿದ್ದು 1971. ಬಾಂಗ್ಲಾ ಯುದ್ಧ, ಲಕ್ಷಗಟ್ಟಲೆ ನಿರಾಶ್ರಿತರು, ಬಂಗಾಳದ ಗಡಿಯ ಬನ್‌ಗಾಂವ್ ಆಸ್ಪತ್ರೆ. ಹಾಸಿಗೆ ಇಲ್ಲ, ರೋಗಿಗಳು ನೆಲದಲ್ಲಿ, ನೆಲವೆಲ್ಲ ವಾಂತಿ ಭೇದಿ. ಡ್ರಿಪ್ಪಿನ ಬಾಟ್ಲಿ ಮುಗಿಯಿತು. ದಿಲೀಪ್ ಮಹಾಲನಬಿಸ್ ಎಂಬ ಮಕ್ಕಳ ಡಾಕ್ಟರು ಬೇರೆ ದಾರಿಯಿಲ್ಲದೆ ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ದೊಡ್ಡ ಡ್ರಮ್ಮುಗಳಲ್ಲಿ ತುಂಬಿ, ರೋಗಿಗಳ ಮನೆಯವರ ಕೈಯಲ್ಲೇ ಲೋಟ ಕೊಟ್ಟು ಕುಡಿಸಿ ಅಂದರು. ಖರ್ಚು ಲೀಟರಿಗೆ 11 ಪೈಸೆ. ಸಾಯುವವರು ನೂರಕ್ಕೆ ಮೂವತ್ತರ ಹತ್ತಿರ ಇದ್ದದ್ದು ನಾಲ್ಕಕ್ಕಿಂತ ಕೆಳಗೆ ಇಳಿಯಿತು. 1978ರಲ್ಲಿ ಅದೇ ಲ್ಯಾನ್ಸೆಟ್, ಸಕ್ಕರೆ ಮತ್ತು ಉಪ್ಪಿನ ಈ ಜೋಡಿಯನ್ನು ಕಂಡುಹಿಡಿದದ್ದು ಬಹುಶಃ ಆ ಶತಮಾನದ ವೈದ್ಯಕೀಯದಲ್ಲೇ ಅತಿ ಮುಖ್ಯ ಸಾಧನೆ ಅಂತ ಸಂಪಾದಕೀಯ ಬರೆಯಿತು. ಮಹಾಲನಬಿಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. 2023ರಲ್ಲಿ, ಹೋದ ಮೇಲೆ, ಪದ್ಮವಿಭೂಷಣ ಬಂತು. ಬದುಕಿದ್ದಾಗ ಕೊಟ್ಟಿದ್ದರೆ ಎಂತ ಕಳೆದುಕೊಳ್ತಿದ್ದೆವೋ! ಇರಲಿ.

ಹಾಗಾದ್ರೆ ಭಾವ ತಂದ ಪ್ಯಾಕಿನಲ್ಲಿ ಎಂತ ಇತ್ತು? ಖಾಲಿ ಪ್ಯಾಕು ಕಸದಿಂದ ಹೆಕ್ಕಿ ಹಿಂದಿನ ಸಣ್ಣಕ್ಷರ ಓದಿದೆ. ನೂರು ಮಿಲಿಗೆ ಸಕ್ಕರೆ ಹತ್ತು ಗ್ರಾಮಿನ ಆಸುಪಾಸು. ನಿಜವಾದ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ನೂರು ಮಿಲಿಗೆ 1.35 ಗ್ರಾಂ. ಏಳು ಪಟ್ಟು! ಇನ್ನೊಂದು ಮೂಲೆಯಲ್ಲಿ ಇರುವೆಯ ಕಾಲಿನಷ್ಟು ಅಕ್ಷರದಲ್ಲಿ, ಇದು ಡಬ್ಲ್ಯುಎಚ್‌ಒ ಶಿಫಾರಸಿನ ಓಆರ್‌ಎಸ್ ಅಲ್ಲ ಅಂತಲೂ ಬರೆದಿತ್ತು. ಅಷ್ಟು ಸಕ್ಕರೆ ಕರುಳಿಗೆ ಬಿದ್ದರೆ ಎಂತ ಆಗ್ತದೆ? ನೀರು ಸಾಂದ್ರತೆ ಹೆಚ್ಚಿರುವ ಕಡೆ ಓಡ್ತದೆ. ಮಾವಿನಕಾಯಿಗೆ ಉಪ್ಪು ಹಾಕಿಟ್ಟರೆ ನೀರು ಬಿಡ್ತದಲ್ಲ, ಅದೇ ಲೆಕ್ಕ. ಗೋಡೆಯ ಆಚೆಯಿಂದ, ಮಗುವಿನ ರಕ್ತದಿಂದಲೇ, ನೀರು ಕರುಳಿನ ಒಳಗೆ ಬಂದು ಕೆಳಗೆ ಹೋಗ್ತದೆ. "ಕೊಟ್ಟಷ್ಟೂ ಹೋಗ್ತದೆ" ಅನ್ನುವ ಅಮ್ಮನ ಮಾತು ಆ ದಿನ ನಿಜವಾದದ್ದು ಹೀಗೆ. ನಾವು ಕೊಟ್ಟದ್ದೇ ಅಂಥದ್ದು. ಕೋಲಾ, ಪ್ಯಾಕಿನ ಜ್ಯೂಸು ಎಲ್ಲದಕ್ಕೂ ಇದೇ ಮಾತು.

ಈ ಹೆಸರಿನ ಮೋಸದ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷ ಒಬ್ಬರೇ ಹೋರಾಡಿದರು. ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ, ಸಣ್ಣ ಅಕ್ಷರದ ಎಚ್ಚರಿಕೆ ಹಾಕಿದರೆ ಸಾಕು ಅಂತ ಕಂಪನಿಗಳಿಗೆ ದಾರಿ ಬಿಟ್ಟುಕೊಟ್ಟಿತ್ತು. 2025ರ ಅಕ್ಟೋಬರ್ 14ರಂದು ಆ ಅನುಮತಿಯನ್ನು ವಾಪಸು ತೆಗೆದುಕೊಂಡಿತು. ಸೂತ್ರಕ್ಕೆ ಸರಿಯಾಗಿ ಇಲ್ಲದ ಯಾವ ಪಾನೀಯದ ಹೆಸರಿನಲ್ಲೂ ಓಆರ್‌ಎಸ್ ಅನ್ನುವ ಅಕ್ಷರ ಇರಬಾರದು ಅಂತ. ಕಂಪನಿಯವರು ದೆಹಲಿ ಹೈಕೋರ್ಟಿಗೂ ಓಡಿದರು. ನನ್ನ ಪ್ರಶ್ನೆ ಇಷ್ಟೇ. ಸಣ್ಣಕ್ಷರ ಓದಿ ಔಷಧಿ ಕೊಡುವ ಅಂಗಡಿಯವನಿಗೆ ದೊಡ್ಡ ಅಕ್ಷರದ ಸುಳ್ಳು ಕಾಣಲಿಲ್ಲವಾ? ಬಾಗಿಲು ಹಾಕುವ ಹೊತ್ತಿಗೆ ನೆನೆದು ಮುದ್ದೆಯಾಗಿ ಬಂದ ಮನುಷ್ಯ, ಮಗುವಿಗೆ ಭೇದಿ ಅಂತ ಹೇಳಿ ಕೇಳಿದರೆ, ಕೆಲವೇ ರೂಪಾಯಿಯ ಪ್ಯಾಕೆಟ್ ಬಿಟ್ಟು ಇದನ್ನು ಕೈಗೆ ಕೊಡುವುದಾ?

ಇನ್ನು ಡ್ರಿಪ್ಪು. ನಮ್ಮ ಕಡೆ ಯಾರಾದರೂ ಆಸ್ಪತ್ರೆಗೆ ಹೋಗಿ ಬಂದರೆ ಮೊದಲ ಪ್ರಶ್ನೆ, "ಗ್ಲೂಕೋಸ್ ಹಾಕಿದ್ರಾ? ಎಷ್ಟು ಬಾಟ್ಲಿ?" ಎರಡು ಅಂದ್ರೆ ಒಳ್ಳೆ ಡಾಕ್ಟರು. ಹಾಕಲಿಲ್ಲ ಅಂದ್ರೆ "ಎಂಥ ಡಾಕ್ಟರು ಅವರು!" ಆ ಬಾಟ್ಲಿಯ ಲೆಕ್ಕ ಹೇಳ್ತೇನೆ ಕೇಳಿ. ಐದು ಪರ್ಸೆಂಟ್ ಡೆಕ್ಸ್‌ಟ್ರೋಸಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಐದು ಚಮಚ ಸಕ್ಕರೆ. ಅಷ್ಟೇ! ಅದರಲ್ಲಿ ಉಪ್ಪೇ ಇಲ್ಲ, ಆದ್ದರಿಂದ ಭೇದಿಯಲ್ಲಿ ನೀರು ಕಳೆದುಕೊಂಡವರಿಗೆ ಅದೊಂದೇ ಕೊಡಬಾರದು ಅಂತಲೇ ನಿಯಮ. ನಿಜಕ್ಕೂ ಡ್ರಿಪ್ ಬೇಕಾದವರಿಗೆ ಹಾಕುವುದು ರಿಂಗರ್ ಲ್ಯಾಕ್ಟೇಟ್ ಅನ್ನುವ ಬೇರೆ ದ್ರವ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು, ನಾಳೆ ಯಾರೂ ನನ್ನ ಮಾತು ಕೇಳಿ ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಕೂರಬಾರದು. ಮಗು ಮಂಕಾಗಿ ಬಿದ್ದಿದ್ದರೆ, ಕುಡಿಯಲು ಆಗದೆ ಇದ್ದರೆ, ಕುಡಿದದ್ದೆಲ್ಲ ವಾಂತಿ ಆಗ್ತಾ ಇದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಉಚ್ಚೆ ನಿಂತಿದ್ದರೆ, ರಕ್ತ ಹೋಗ್ತಾ ಇದ್ದರೆ ಓಡಲೇಬೇಕು. ನಮ್ಮ ಮಗುವಿಗೆ ಆ ರಾತ್ರಿ ಡ್ರಿಪ್ ಬೇಕಿತ್ತು, ಅದು ಉಳಿಸಿತು. ನನ್ನ ಸಿಟ್ಟು, ಬೆಳಿಗ್ಗೆ ಎಂಟು ಗಂಟೆಗೆ ಬೇಕಿಲ್ಲದೆ ಇದ್ದದ್ದು ಸಂಜೆ ಆರಕ್ಕೆ ಬೇಕಾಯ್ತಲ್ಲ, ಅದರ ಮೇಲೆ. ಆ ಹತ್ತು ಗಂಟೆ ಹೊತ್ತು ಮಗುವನ್ನು ಒಣಗಿಸಿದ್ದು ರೋಗ ಒಂದೇ ಅಲ್ಲ, ನಾವೂ ಹೌದು.

ಒಂದು ಸಲ ಯೋಚಿಸಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ನೆರಿಯದ ಕಡೆ ಹೊಳೆಗಳು ತೋಟಕ್ಕೆ, ಮನೆಗೆ ನುಗ್ಗಿದ್ದು ನೆನಪಿರಬಹುದು. ಅಂಥ ರಾತ್ರಿ ಇದೇ ಆಗಿದ್ದರೆ? ಡ್ರಿಪ್ಪು ಹೊಳೆ ದಾಟಿ ಬರ್ತಿತ್ತಾ? ಭೇದಿ ಜಾಸ್ತಿಯಾಗುವುದು ಬಾವಿಗೆ ಕೆಸರು ನೀರು ಇಳಿಯುವ ಮಳೆಗಾಲದಲ್ಲೇ. ಡ್ರಾಯರಿನಲ್ಲಿ ಇರುವ ಪ್ಯಾಕೆಟ್ಟು ಮಾತ್ರ ಆಗ ಮನೆಯಲ್ಲಿ ಇರ್ತದೆ.

ಡಾಕ್ಟರುಗಳು ದುಡ್ಡಿಗಾಗಿ ಡ್ರಿಪ್ ಹಾಕ್ತಾರೆ, ಇಂಜೆಕ್ಷನ್ ಚುಚ್ಚುತ್ತಾರೆ ಅಂತ ಬೈದು ಇಷ್ಟಕ್ಕೇ ಮುಗಿಸುವವನಿದ್ದೆ. ಆಮೇಲೆ ಒಂದು ಅಧ್ಯಯನ ಓದಿ ನನ್ನ ಬಾಯಿ ಬಂದ್ ಆಯ್ತು. 2024ರ ಫೆಬ್ರವರಿಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದದ್ದು, ನಮ್ಮ ಕರ್ನಾಟಕದ್ದೇ, ಜೊತೆಗೆ ಬಿಹಾರ. ಎರಡೂ ರಾಜ್ಯದ 253 ಪಟ್ಟಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಹತ್ತಿರ, ತರಬೇತಿ ಕೊಟ್ಟ ನಟರನ್ನು "ನನ್ನ ಎರಡು ವರ್ಷದ ಮಗುವಿಗೆ ಭೇದಿ" ಅಂತ ಹೇಳಲು ಕಳಿಸಿದರು. (ಎರಡು ವರ್ಷ! ಓದುವಾಗ ಮೈ ಜುಂ ಅಂತು.) ಓಆರ್‌ಎಸ್ ಕೊಡಬೇಕು ಅಂತ ಗೊತ್ತಿದ್ದೂ ಯಾಕೆ ಕೊಡುವುದಿಲ್ಲ ಅನ್ನುವುದು ಪ್ರಶ್ನೆ. ಸ್ಟಾಕ್ ಇಲ್ಲದ್ದು ಕಾರಣವಾದದ್ದು ನೂರಕ್ಕೆ ಆರು ಪಾಲು. ಲಾಭದ ಆಸೆ ಐದು ಪಾಲು. "ಇವರಿಗೆ ಓಆರ್‌ಎಸ್ ಬೇಡ, ಕೊಟ್ಟರೆ ಮೆಚ್ಚುವುದಿಲ್ಲ" ಅಂತ ವೈದ್ಯರು ಅಂದುಕೊಳ್ಳುವುದು 42 ಪಾಲು! ನಮ್ಮ ಮುಖ ನೋಡಿ ಅವರು ತೀರ್ಮಾನ ಮಾಡ್ತಾರೆ. ಓಆರ್‌ಎಸ್ ಬೇಕು ಅಂತ ತೋರಿಸಿಕೊಂಡ ನಟರಿಗೆ ಚಿಕಿತ್ಸಕರು ಎಷ್ಟೋ ಹೆಚ್ಚು ಸಲ ಬರೆದುಕೊಟ್ಟರು.

ಎಂಥ ನಾಟಕ ನೋಡಿ. ನಾವು ಅಂದುಕೊಳ್ಳುವುದು, ಡಾಕ್ಟರು ಪ್ಯಾಕೆಟ್ ಕೊಟ್ಟು ಕಳಿಸಿದರೆ ನಮ್ಮ ಕಾಯಿಲೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ. ಅವರು ಅಂದುಕೊಳ್ಳುವುದು, ಪ್ಯಾಕೆಟ್ ಕೊಟ್ಟರೆ ಇವರು ನಾಳೆ ಎದುರಿನ ಕ್ಲಿನಿಕ್ಕಿಗೆ ಹೋಗ್ತಾರೆ ಅಂತ. ಇಬ್ಬರ ನಡುವೆ ಮಗುವಿನ ಕೈಗೆ ಸೂಜಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ನೂರಕ್ಕೆ 60.6. ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳು ಈ ಕಾಯಿಲೆಗೆ ವರ್ಷಕ್ಕೆ 4 ಲಕ್ಷ 40 ಸಾವಿರದಷ್ಟು ಸಾಯ್ತಾರೆ ಅಂತ ಡಬ್ಲ್ಯುಎಚ್‌ಒ ಹೇಳ್ತದೆ. 11 ಪೈಸೆಯ ಮದ್ದು ಸಿಕ್ಕಿ ಅರ್ಧ ಶತಮಾನ ಕಳೆದಿದೆ.

ಇನ್ನು ಊಟ ಬಂದ್ ಮಾಡುವ ವಿಷಯ. ಇದು ನನಗೆ ಅತೀ ಬೇಸರದ್ದು. ಕರುಳಿನ ಕೋಶಗಳು ಐದು ದಿನಕ್ಕೊಮ್ಮೆ ಹೊಸದಾಗುತ್ತವೆ ಅಂದೆನಲ್ಲ. ರೋಗ ಹರಿದು ಹಾಕಿದ ಗೋಡೆಯನ್ನು ವಾಪಸು ಕಟ್ಟಲು ಅವಕ್ಕೆ ಆಹಾರ ಬೇಕು, ಅದರಲ್ಲಿ ಹೆಚ್ಚಿನ ಪಾಲು ಅವು ತೆಗೆದುಕೊಳ್ಳುವುದು ತಮ್ಮ ಮುಂದೆ ಹಾದುಹೋಗುವ ಊಟದಿಂದಲೇ. ಉಪವಾಸ ಹಾಕಿದರೆ ವಿಲ್ಲೈ ಮತ್ತಷ್ಟು ಸಣ್ಣದಾಗ್ತದೆ. ಮನೆ ರಿಪೇರಿಗೆ ಮೇಸ್ತ್ರಿ ಕರೆಸಿ ಸಿಮೆಂಟು ಬಂದ್ ಮಾಡಿದ ಹಾಗೆ. ಎದೆಹಾಲು ಕುಡಿಯುವ ಮಗುವಿಗೆ ಎದೆಹಾಲು ನಿಲ್ಲಿಸಲೇಬಾರದು. ಜೊತೆಗೆ ಜಿಂಕ್ ಮಾತ್ರೆ, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಸಣ್ಣವಕ್ಕೆ 10, ಭೇದಿ ನಿಂತ ಮೇಲೂ ಬಿಡದೆ ಒಟ್ಟು ಹದಿನಾಲ್ಕು ದಿನ. ಇದನ್ನೂ ಆಶಾ ಅಕ್ಕ ಕೊಡ್ತಾರೆ, ಇದನ್ನೂ ನಾವು ಡ್ರಾಯರಿಗೆ ಹಾಕ್ತೇವೆ.

ಸಿಟ್ಟಿಗೆ ಇನ್ನೊಂದು ಕಾರಣ, ನಮ್ಮಲ್ಲಿ ಮದ್ದು ದಿನಾ ಒಲೆಯ ಮೇಲೆಯೇ ಕುದೀತಾ ಇರ್ತದೆ. ಕುಚ್ಚಲಕ್ಕಿ ಗಂಜಿಯ ತೆಳಿ! ಅದಕ್ಕೆ ಲೀಟರಿಗೆ ಅರ್ಧ ಚಮಚ ಉಪ್ಪು ಹಾಕಿ ನೋಡಿ. ಅಕ್ಕಿಯ ಗಂಜಿಪಿಷ್ಟ ಅಂದ್ರೆ ಸಾಲಾಗಿ ಕಟ್ಟಿದ ಗ್ಲೂಕೋಸ್. ಕರುಳಿನಲ್ಲಿ ಒಂದೊಂದೇ ಬಿಚ್ಚಿ ಜೋಡಿ ಬಾಗಿಲಿಗೆ ಬರ್ತದೆ, ಸಕ್ಕರೆಯ ಹಾಗೆ ಒಮ್ಮೆಲೇ ಬಿದ್ದು ನೀರು ಎಳೆಯುವುದಿಲ್ಲ. ಕಾಲರಾದಲ್ಲಂತೂ ಅಕ್ಕಿಹಿಟ್ಟಿನ ಓಆರ್‌ಎಸ್ ಕೊಟ್ಟರೆ ಭೇದಿಯ ಪ್ರಮಾಣವೇ ಕಡಿಮೆಯಾಗ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. (ಮಕ್ಕಳ ಮಾಮೂಲಿ ಭೇದಿಯಲ್ಲಿ ಪ್ಯಾಕೆಟ್ಟಿಗಿಂತ ಮೇಲು ಅಂತ ಏನಿಲ್ಲ, ಸುಳ್ಳು ಹೇಳುವುದು ಬೇಡ. ತೆಳಿಯಲ್ಲಿ ಪೊಟಾಶಿಯಂ ಕಮ್ಮಿ. ಬೊಂಡದಲ್ಲಿ ಪೊಟಾಶಿಯಂ ಧಾರಾಳ, ಆದರೆ ಸೋಡಿಯಂ ಕಮ್ಮಿ. ಪ್ಯಾಕೆಟ್ ಕೈಗೆ ಸಿಗುವವರೆಗೆ ಇವು.) ಉಪ್ಪು ಹಾಕಿದ ಗಂಜಿ ತೆಳಿ ಮನೆಯಲ್ಲೇ ಕೊಡಬಹುದಾದ ದ್ರವ ಅಂತ ಡಬ್ಲ್ಯುಎಚ್‌ಒದವರೇ ಬರೆದಿದ್ದಾರೆ. ಆ ದಿನ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ತುಂಬ ತೆಳಿ ಇತ್ತು. ನಾನೇ ಉಪ್ಪಿನಕಾಯಿ ನೆಂಚಿಕೊಂಡು ಎರಡು ಬಟ್ಟಲು ಉಂಡೆ. ಉಳಿದದ್ದನ್ನು ದನಕ್ಕೆ ಹಾಕಿದರು.

ಪ್ಯಾಕೆಟ್ ಇದ್ದರೆ ಪೂರ್ತಿ ಪ್ಯಾಕೆಟನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. (200 ಮಿಲಿಯ ಸಣ್ಣ ಪ್ಯಾಕೆಟೂ ಬರ್ತದೆ, ಮೇಲೆ ಓದಿ.) ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಅಂತೆಲ್ಲ ಅಂದಾಜು ಬೇಡ, ಉಪ್ಪು ಜಾಸ್ತಿಯಾದರೆ ಅದೇ ಅಪಾಯ. ಪ್ಯಾಕೆಟ್ ಇಲ್ಲದಿದ್ದರೆ ಲೀಟರಿಗೆ ಮಟ್ಟಸ ಆರು ಚಮಚ ಸಕ್ಕರೆ, ಮಟ್ಟಸ ಅರ್ಧ ಚಮಚ ಉಪ್ಪು. ಚಮಚ ಅಂದ್ರೆ ಟೀ ಚಮಚ, ಸಾರು ಬಡಿಸುವ ಸೌಟಲ್ಲ. ಒಮ್ಮೆ ಕಲಸಿದ್ದು 24 ಗಂಟೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ನಿಧಾನಕ್ಕೆ. ಇದಕ್ಕೆ ಬೇಕಾದದ್ದು ಡಿಗ್ರಿ ಅಲ್ಲ, ಕೂತುಕೊಂಡು ಚಮಚ ಹಿಡಿಯುವ ಒಬ್ಬ ಮನುಷ್ಯ. ಡ್ರಿಪ್ ನಮಗೆ ಯಾಕೆ ಇಷ್ಟ ಅಂದ್ರೆ, ಬಹುಶಃ, ಅದು ತನ್ನಷ್ಟಕ್ಕೆ ಇಳೀತದೆ, ನಾವು ಮೊಬೈಲ್ ನೋಡಬಹುದು.

ಮತ್ತೆ ಕ್ಲಿನಿಕ್ಕಿಗೆ ಹೋದರೆ ಬಾಯಿ ಬಿಟ್ಟು ಕೇಳಿ: "ಡಾಕ್ಟ್ರೇ, ಓಆರ್‌ಎಸ್ ಮತ್ತೆ ಜಿಂಕ್ ಬರೆದು ಕೊಡಿ, ಅದು ಸಾಕಾಗ್ತದಾ ನೋಡುವಾ." ಅವರಿಗೂ ಒಂದು ಭಾರ ಇಳೀತದೆ.

ಇಷ್ಟನ್ನೂ ನಾನು ಅಮ್ಮನಿಗೆ ಹೇಳಿದೆ. ಶಟಲ್ ಕೋರ್ಟಿನಿಂದ ಪದ್ಮವಿಭೂಷಣದವರೆಗೆ. ಕೇಳಿ ಆದ ಮೇಲೆ, "ನಾನು ನಿಮ್ಮಿಬ್ಬರನ್ನು ಹೀಗೇ ಸಾಕಿದ್ದಲ್ವಾ, ನೀವು ಸತ್ತಿದ್ದೀರಾ?" ಅಂದರು. ಇದಕ್ಕೆ ಯಾವ ಪತ್ರಿಕೆಯಲ್ಲೂ ಉತ್ತರ ಸಿಗಲಿಲ್ಲ. ಆದರೆ ಸ್ವಲ್ಪ ಹೊತ್ತು ಬಿಟ್ಟು, ಹಟ್ಟಿ ಕಡೆ ಹೋಗುತ್ತಾ, ನನಗಿಂತ ಮೊದಲು ಒಂದು ಮಗು ಇತ್ತು, ಒಂದೂವರೆ ವರ್ಷಕ್ಕೆ ಮಳೆಗಾಲದಲ್ಲಿ ಹೋಯಿತು ಅಂದರು. ಅದು ನನಗೆ ಗೊತ್ತಿತ್ತು. ಹೇಗೆ ಹೋಯಿತು ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅವತ್ತೂ ಕೇಳಲಿಲ್ಲ.

ಆ ವರ್ಷ ದೀಪಾವಳಿಗೆ ಮತ್ತೆ ಊರಿಗೆ ಹೋದಾಗ ನೋಡಿದೆ. ಪ್ಯಾಕೆಟ್ಟುಗಳು ಶೋಕೇಸಿನ ಡ್ರಾಯರಿನಿಂದ ಅಡುಗೆಮನೆಗೆ, ಉಪ್ಪಿನ ಭರಣಿಯ ಪಕ್ಕಕ್ಕೆ ಬಂದಿದ್ದವು. ಎರಡು ಇದ್ದದ್ದು ನಾಲ್ಕಾಗಿತ್ತು. ಆಶಾ ಅಕ್ಕನ ಹತ್ತಿರ ಕೇಳಿ ತೆಗೆದುಕೊಂಡದ್ದಂತೆ. ಅದರ ಹಿಂದೆ ಆಪಲ್ಲಿನ ಚಿತ್ರದ ಒಂದು ಪ್ಯಾಕೂ ಇತ್ತು.

"ಇದು ಯಾಕೆ ಅಮ್ಮಾ?"

"ಅದು ನೆಂಟರು ಬಂದರೆ ಕೊಡಲಿಕ್ಕೆ."